ಬಡಾಯಿಯ ಪೆಡಲ್ ಹೆಲಿಕಾಪ್ಟರ್

"ನಿಲ್ಸೇ! ತಲೆ ತಿರುಗ್ತಿದೆ! ಬ್ರೇಕ್ ಹಾಕೇ!"

"ಬ್ರೇಕ್ ಎಲ್ಲಿದೆಯೇ ಇದಕ್ಕೆ? ನೀನು ತುಳಿಯೋದು ನಿಲ್ಸು!"

ಬಡಾಯಿ ಪೆಡಲಿನಿಂದ ಕಾಲು ತೆಗೆದಳು. ಕುರ್ಚಿ ಇನ್ನೂ ನಾಲ್ಕು ಸುತ್ತು ಸುತ್ತಿ, ಕಿರ್ರ್ ಎಂದು ಗೊಣಗಿ ನಿಂತಿತು. ಅವಳು ಇಳಿದು, ಓಲಾಡುತ್ತಾ ಎರಡು ಹೆಜ್ಜೆ ಇಟ್ಟು, ಹಳೇ ಟೈರುಗಳ ರಾಶಿಯ ಮೇಲೆ ದೊಪ್ಪೆಂದು ಕೂತಳು. ಗುಜರಿ ಅಂಗಡಿಯ ಹಿತ್ತಲಿನ ಒಡೆದ ಬಕೆಟ್ಟು, ತುಕ್ಕು ಹಿಡಿದ ಫ್ಯಾನು, ಎದುರಿಗೆ ನಿಂತಿದ್ದ ಗೆಳತಿ, ಎಲ್ಲವೂ ಅವಳ ಕಣ್ಣಿಗೆ ಇನ್ನೂ ಸುತ್ತುತ್ತಲೇ ಇದ್ದವು.

ಸುತ್ತದೇ ಇದ್ದದ್ದು ತಲೆಯ ಮೇಲಿನ ರೆಕ್ಕೆ ಮಾತ್ರ. ಯಾವುದು ಸುತ್ತಬೇಕಿತ್ತೋ ಅದೇ ಆರಾಮಾಗಿ ನಿಂತಿತ್ತು!

"ಹೆಲಿಕಾಪ್ಟರ್ ಮಾಡೋಕೆ ಹೋಗಿ ಮಿಕ್ಸಿ ಮಾಡಿಟ್ವಲ್ಲೇ," ಅಂದಳು ಗೆಳತಿ.

ಈ ಗೆಳತಿ ಗುಜರಿ ಅಂಗಡಿಯವರ ಮಗಳು. ಸ್ಕೂಲ್ ಬ್ಯಾಗಿನಲ್ಲಿ ಪೆನ್ಸಿಲ್ ಇಲ್ಲದಿದ್ದರೂ ಸ್ಪ್ಯಾನರ್ ಇದ್ದೇ ಇರುತ್ತಿತ್ತು. ಹಾಗಾಗಿ ಅವಳ ಹೆಸರೇ ಸ್ಪ್ಯಾನರ್ ಆಗಿಹೋಗಿತ್ತು. ಮಾತು ಕಮ್ಮಿ. ಸುಳ್ಳಂತೂ ಹೇಳಲು ಬಾರದು.

ಬಡಾಯಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕೇ? ಹಲ್ಲಿ ನೋಡಿದರೆ ಮೊಸಳೆ ಎನ್ನುವಳು, ಮಂಡಿ ತರಚಿದರೆ ಆಪರೇಷನ್ ಎನ್ನುವಳು. ಕ್ಲಾಸಿನವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಆದರೆ ಹೋದ ತಿಂಗಳು ಸ್ಕೂಲ್ ಕಾಂಪೌಂಡಿನಲ್ಲಿ ನಿಜವಾಗಿಯೂ ಒಂದು ಮುಂಗುಸಿ ಬಂದಿತ್ತು. "ಮುಂಗುಸಿ! ಮುಂಗುಸಿ!" ಎಂದು ಇವಳು ಎಷ್ಟು ಕೂಗಿದರೂ ಒಬ್ಬರೂ ಕತ್ತು ತಿರುಗಿಸಲಿಲ್ಲ. ಅವತ್ತು ಮಾತ್ರ ಅವಳಿಗೆ ಅಳುವೇ ಬಂದಿತ್ತು.

ಆ ಸಿಟ್ಟಿನಲ್ಲೇ ಮರುದಿನ ಬಾಯಿ ಜಾರಿತು. "ಪೆಟ್ರೋಲ್ ಬೇಡ, ಮೋಟಾರ್ ಬೇಡ. ಪೆಡಲ್ ತುಳಿದೇ ಹೆಲಿಕಾಪ್ಟರ್ ಹಾರಿಸ್ತೀನಿ, ನೋಡ್ತಿರಿ!"

ಕ್ಲಾಸ್ ಮಾನಿಟರ್ ಕೈ ಕಟ್ಟಿಕೊಂಡು ನಿಂತ. "ಕುರ್ಚಿ ಮೇಲಿಂದ ಹಾರಿ, ಹೆಲಿಕಾಪ್ಟರ್ ಹಾರ್ತು ಅಂತೀಯ. ನಮಗೆ ಗೊತ್ತಿಲ್ವಾ?"

"ತೂಕದ ಮೆಷಿನ್ ಮೇಲಿಡೋಣ," ಅಂದಳು ಸ್ಪ್ಯಾನರ್. "ಮೇಲೆದ್ರೆ ತೂಕ ಇಳಿಯುತ್ತೆ. ಅಪ್ಪನ ಮೆಷಿನ್ ಸುಳ್ಳು ಹೇಳಲ್ಲ."

ಮಾನಿಟರ್ ದೊಡ್ಡ ಮನಸ್ಸು ಮಾಡಿದ. "ಪೂರ್ತಿ ಹಾರೋದೂ ಬೇಡ. ಹತ್ತು ಕೆಜಿ ಇಳಿದ್ರೂ ಹಾರಿದ ಹಾಗೇ ಲೆಕ್ಕ. ಆಮೇಲೆ ಯಾರೂ ನಿನ್ನನ್ನ ಬಡಾಯಿ ಅನ್ನಲ್ಲ. ಇಳೀಲಿಲ್ವೋ, ಹೈಸ್ಕೂಲ್ ಮುಗಿಯೋವರೆಗೂ ಬಡಾಯಿನೇ!"

ಪಂದ್ಯಕ್ಕೆ ಗೊತ್ತು ಮಾಡಿದ್ದ ಶನಿವಾರಕ್ಕೆ ಈಗ ಬಾಕಿ ಇದ್ದದ್ದು ಐದೇ ದಿನ. ಆಫೀಸಿನಿಂದ ಬಂದ ಮುರುಕು ಸುತ್ತುವ ಕುರ್ಚಿ, ಸೈಕಲ್ಲಿನ ಪೆಡಲ್ಲು, ಚೈನು, ಪರದೆ ಕಟ್ಟುವ ಅಲ್ಯುಮಿನಿಯಂ ಪೈಪು, ಇವನ್ನೆಲ್ಲ ಸ್ಪ್ಯಾನರ್ ಜೋಡಿಸಿದ್ದಳು. ರೆಕ್ಕೆಯ ಮೇಲೆ ಬಿಗಿಯಾಗಿ ಎಳೆದು ಅಂಟಿಸಿದ್ದು ಗುಲಾಬಿ ಹೂವಿನ ಚಿತ್ರದ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಅದು ಬಡಾಯಿಯ ಮನೆಯ ಊಟದ ಟೇಬಲ್ಲಿನದು. ಅಮ್ಮ ಕೇಳಿದಾಗ, "ತೊಳೆಯೋಕೆ ಹಾಕಿದೀನಮ್ಮ," ಎಂದಿದ್ದಳು. ಮಗಳಿಗೆ ಬುದ್ಧಿ ಬಂತಲ್ಲ ಎಂದು ಅಮ್ಮನಿಗೆ ಅರ್ಧ ಖುಷಿ, ಅರ್ಧ ಅನುಮಾನ.

ಸ್ಪ್ಯಾನರ್ ಕುರ್ಚಿಯ ಸುತ್ತ ಎರಡು ಸಲ ನಡೆದಳು. ತಲೆ ಕೆರೆದುಕೊಂಡಳು.

"ಗೊತ್ತಾಯ್ತು ಕಣೇ. ನೀನು ರೆಕ್ಕೆನ ಆ ಕಡೆ ತಳ್ತೀಯ, ಅದು ನಿನ್ನನ್ನ ಈ ಕಡೆ ತಳ್ಳುತ್ತೆ. ಎರಡು ರೆಕ್ಕೆ ಹಾಕೋಣ. ಒಂದು ಆ ಕಡೆ ತಿರುಗಲಿ, ಇನ್ನೊಂದು ಈ ಕಡೆ. ಅವೆರಡೂ ಜಗಳ ಆಡ್ಕೊಳ್ಳಲಿ, ನೀನು ನೆಮ್ಮದಿಯಾಗಿ ಕೂತ್ಕೊ."

ಆ ಸಂಜೆಯೇ ಬಡಾಯಿಯ ಮನೆಯ ಬಾತ್‌ರೂಮಿನ ಪರದೆಯೂ ತೊಳೆಯಲು ಹೋಯಿತು.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟದ್ದೇ ತಡ, ಇಡೀ ಕ್ಲಾಸು ಗುಜರಿ ಅಂಗಡಿಗೆ ನುಗ್ಗಿತು. ಗಟ್ಟಿ ಕಬ್ಬಿಣ ತೂಗುವ ಅಗಲವಾದ ಮೆಷಿನ್ನಿನ ಮೇಲೆ ಹೆಲಿಕಾಪ್ಟರ್ ಕೂತಿತ್ತು. ಗುಜರಿ ಮಾಮ, ಎಂದರೆ ಸ್ಪ್ಯಾನರಿನ ಅಪ್ಪ, ಹುಡುಗರನ್ನೆಲ್ಲ ರೆಕ್ಕೆಯಿಂದ ದೂರ ನಿಲ್ಲಿಸಿದರು. ಬಡಾಯಿ ಹತ್ತಿ ಕೂತಳು. ಕೆಂಪು ಅಂಕಿಗಳು ಮಿನುಗಿದವು. ನಲವತ್ತನಾಲ್ಕು ಕೆಜಿ.

"ಚೈನ್ ನೋಡ್ಕೋತೀನಿ," ಎಂದು ಸ್ಪ್ಯಾನರ್ ಬಗ್ಗಿ ಕುರ್ಚಿಯ ಹಿಂದೆ ಸೇರಿಕೊಂಡಳು.

"ತುಳಿ!" ಎಂದ ಮಾನಿಟರ್.

ಬಡಾಯಿ ತುಳಿದಳು. ಗುಲಾಬಿ ಹೂವು ಆ ಕಡೆ ಓಡಿತು, ಬಾತ್‌ರೂಮಿನ ಪರದೆಯ ನೀಲಿ ಮೀನು ಈ ಕಡೆ ಓಡಿತು. ನೆಲದ ಧೂಳೆಲ್ಲ ಎದ್ದು ಮಾನಿಟರಿನ ಬಾಯಿಗೇ ಹೋಯಿತು. ನಲವತ್ಮೂರು! ನಲವತ್ತು! ಮೂವತ್ತೇಳು! ಮೂವತ್ಮೂರು!

"ಹನ್ನೊಂದು ಕೆಜಿ! ಹಾರ್ತು! ಹಾರೇಬಿಡ್ತು!" ಮಕ್ಕಳು ಕುಣಿದಾಡಿದರು.

ಬಡಾಯಿಯ ಎದೆ ಉಬ್ಬಿತು. ಅಷ್ಟರಲ್ಲಿ ಸೀಟಿನ ಅಡಿಯಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ಬಗ್ಗಿ ನೋಡಿದಳು. ಸ್ಪ್ಯಾನರ್! ಕಾಲು ನೆಲಕ್ಕೆ ಊರಿ, ಸೀಟಿನಡಿಗೆ ಹೆಗಲು ಕೊಟ್ಟು, ಮುಖ ಕೆಂಪಗೆ ಮಾಡಿಕೊಂಡು ಎತ್ತುತ್ತಿದ್ದಾಳೆ! ಸುಳ್ಳು ಹೇಳಲು ಬಾರದ ಸ್ಪ್ಯಾನರ್! ಹುಡುಗರಿಗೆ ಅದು ಕಾಣುವಂತಿರಲಿಲ್ಲ. ಕಂಡದ್ದು ಬಡಾಯಿಗೆ ಮಾತ್ರ.

ಅವಳ ಕಾಲು ನಿಂತಿತು.

"ಆಯ್ತಪ್ಪ, ಗೆದ್ದೆ," ಮಾನಿಟರ್ ಧೂಳು ಉಗುಳುತ್ತಾ ಕೈ ಚಾಚಿದ. "ಇನ್ಮೇಲೆ ನಿನ್ನನ್ನ..."

ಬಡಾಯಿ ಆ ಕೈಯನ್ನೇ ನೋಡಿದಳು. ಕೈ ಕುಲುಕಿದರೆ ಮುಗಿಯಿತು. ಆದರೆ ಇದು ಮೂರು ವಾರ ಬೆರಳು ಕುಯ್ದುಕೊಂಡು, ಗ್ರೀಸ್ ಬಳಿದುಕೊಂಡು ಮಾಡಿದ ಹೆಲಿಕಾಪ್ಟರ್. ಅದು ತಾನಾಗಿಯೇ ಎಷ್ಟು ಎತ್ತುತ್ತದೆ? ಕೈ ಕುಲುಕಿಬಿಟ್ಟರೆ ಅದು ಅವಳಿಗೂ ಯಾವತ್ತೂ ಗೊತ್ತಾಗುವುದಿಲ್ಲ.

"ತಡಿಯೋ. ಆ ಲೆಕ್ಕ ಬೇಡ, ಅದು ಹೆಲಿಕಾಪ್ಟರ್ ಎತ್ತಿದ್ದಲ್ಲ. ಇನ್ನೊಂದ್ಸಲ ತುಳೀತೀನಿ."

"ಮತ್ತೆ ಯಾರು ಎತ್ತಿದ್ದು?"

"ಅದೆಲ್ಲ ನಿಂಗ್ಯಾಕೆ? ಸ್ಪ್ಯಾನರ್, ನೀನು ಅಲ್ಲಿ ಮುಂದೆ ಹೋಗಿ ನಿಂತ್ಕೊ. ನಂಬರ್ ನೀನೇ ಓದು."

ಸ್ಪ್ಯಾನರ್ ಹೆಗಲು ಉಜ್ಜಿಕೊಳ್ಳುತ್ತಾ ಮುಂದೆ ಬಂದಳು. ತಲೆ ತಗ್ಗಿಸಿಕೊಂಡಿದ್ದಳು. "ಸೋಲ್ತೀಯ ಕಣೇ," ಎಂದು ಪಿಸುಗುಟ್ಟಿದಳು.

"ಸೋತ್ರೆ ಸೋತೆ. ಓದೇ!"

ಬಡಾಯಿ ಹಲ್ಲು ಕಚ್ಚಿ ತುಳಿದಳು. ತೊಡೆ ಉರಿಯಿತು. ಬೆವರು ಕಣ್ಣಿಗೆ ಇಳಿಯಿತು. ರೆಕ್ಕೆಗಳು ಬುಸುಗುಟ್ಟಿದವು.

"ನಲವತ್ನಾಲ್ಕು... ನಲವತ್ಮೂರೂವರೆ... ನಲವತ್ಮೂರು..." ಸ್ಪ್ಯಾನರ್ ಅಂಕಿಗಳ ಹತ್ತಿರಕ್ಕೆ ಬಗ್ಗಿದಳು. "ನಲವತ್ತೆರಡು! ನಲವತ್ತೆರಡು ಕಣೇ!"

ಅಲ್ಲಿಗೆ ನಿಂತಿತು. ಎಷ್ಟು ತುಳಿದರೂ ಇನ್ನು ಇಳಿಯಲಿಲ್ಲ.

ಗುಜರಿ ಮಾಮ ಕನ್ನಡಕ ಒರೆಸಿಕೊಂಡು ಬಗ್ಗಿ ಪರೀಕ್ಷೆ ಮಾಡಿದರು. "ಎರಡು ಕೆಜಿ ಇಳಿದಿದ್ದು ಹೌದಪ್ಪ. ಗಾಳಿನೇ ಎತ್ತಿದ್ದು. ಭಲೇ!"

"ಯಾವ ಎರಡು ಕೆಜಿ ಹಾರಿದ್ದು? ನಾಲಿಗೆನಾ?" ಎಂದ ಯಾರೋ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಡಾಯಿಗೂ ನಗು ತಡೆಯಲಾಗಲಿಲ್ಲ.

"ಸೋತೆ, ಬಡಾಯಿ," ಎಂದ ಮಾನಿಟರ್. ಆಮೇಲೆ ಕಾಲಿನಿಂದ ನೆಲ ಕೆರೆಯುತ್ತಾ, "ನಾನೂ ಒಂದ್ಸಲ ಕೂತ್ಕೊಳ್ಲಾ?" ಎಂದು ಕೇಳಿದ.

ಮಾನಿಟರ್ ಹಾರಿದ್ದು ಒಂದೂವರೆ ಕೆಜಿ. ಆಮೇಲೆ ತಾವೆಷ್ಟು ಕೆಜಿ ಹಾರುತ್ತೇವೆ ಎಂದು ನೋಡಲು ಇಡೀ ಕ್ಲಾಸು ಕ್ಯೂ ನಿಂತಿತು. ಕ್ಯೂನ ಕೊನೆಯಲ್ಲಿ ಒಬ್ಬರು ದೊಡ್ಡವರೂ ನಿಂತಿದ್ದರು. ಅವರು ರೆಕ್ಕೆಯನ್ನೇ ನೋಡುತ್ತಿದ್ದರು.

"ಲೇ! ಅದು ನಮ್ಮನೆ ಗುಲಾಬಿ ಹೂವಲ್ವೇನೇ? ಅಯ್ಯೋ, ಮೀನೂ ಇಲ್ಲೇ ಇದ್ಯಾ?"

ಅಮ್ಮ! ಮುಂದೆ ಏನಾಯಿತೆಂದು ಬರೆಯದೇ ಇರುವುದೇ ವಾಸಿ. ಎರಡು ಭಾನುವಾರ ಬಾತ್‌ರೂಮು ತಿಕ್ಕುವ ಕೆಲಸ ಬಡಾಯಿಯ ಪಾಲಿಗೆ ಬಂತು ಎಂದರೆ ಸಾಕು.

ಸಂಜೆ ಅಪ್ಪ ಕೆಲಸ ಮುಗಿಸಿ ಬಂದರು. ಬೋಳು ಟೇಬಲ್ಲಿನ ಎದುರು ಕೂತು ಕೇಳಿದರು. "ಏನಮ್ಮಾ, ಎಷ್ಟು ಎತ್ತಿತು ನಿನ್ನ ಹೆಲಿಕಾಪ್ಟರ್?"

"ಎರಡು ಕೆಜಿ ಅಪ್ಪ."

ಮಗಳು ಏನು ಹೇಳಿದರೂ ಅಪ್ಪ ಅರ್ಧ ಕಳೆದೇ ಕೇಳಿಸಿಕೊಳ್ಳುವವರು. ಅದು ಮನೆಯ ಹಳೆಯ ತಮಾಷೆ. "ಓ, ಹಾಗಾದ್ರೆ ಒಂದು ಕೆಜಿ," ಎಂದು ನಕ್ಕರು.

ಯಾವಾಗಲೂ ಜೊತೆಗೆ ನಗುವ ಹುಡುಗಿ ಇವತ್ತು ನಗಲಿಲ್ಲ. ಅವಳಿಗೆ ಮೂರೂ ಬೇಡವಾಗಿತ್ತು, ಹತ್ತೂ ಬೇಡವಾಗಿತ್ತು. ಆ ಎರಡರಲ್ಲಿ ಕಾಲು ಕೆಜಿಯನ್ನೂ ಯಾರೂ ಕಳೆಯಬಾರದು, ಅಷ್ಟೇ.

"ಇಲ್ಲಪ್ಪ. ಎರಡು. ಎರಡೇ."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. "ಎರಡೇ," ಎಂದರು ಅಮ್ಮ. "ಕ್ಲಾಸಿನವರೆಲ್ಲ ಎದುರಿಗೇ ನಿಂತು ನೋಡಿದಾರೆ."

"ಎರಡು ಕೆಜಿ," ಅಂದರು ಅಪ್ಪ, ಈ ಸಲ ನಗದೆ.

ಬಡಾಯಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಅವಳಿಗೆ ವಿಪರೀತ ಹಸಿವಾಗಿತ್ತು.