ಮೂರನೇ ಪ್ಲಗ್ಗಿನ ಕುಂಕುಮ

"ತಪ್ಪು ಪೆಟ್ರೋಲಿನದ್ದಲ್ಲ ಮಾರಾಯ್ರೆ, ನಿಮ್ಮದು!"

ಬರೋಡಾದ ಫತೇಗಂಜ್‌ನ ಪೆಟ್ರೋಲ್ ಬಂಕಿನಲ್ಲಿ, ಬೆನ್ನ ಹಿಂದಿನಿಂದ ಬಂದ ಕನ್ನಡಕ್ಕೆ ಅನಂತರಾಮ ಬೆಚ್ಚಿಬಿದ್ದ. ಟ್ಯಾಂಕಿನಲ್ಲಿರುವುದು ಕಲಬೆರಕೆ ಪೆಟ್ರೋಲು, ಪೂರ್ತಿ ತೆಗೆದು ಹೊಸದು ಹಾಕು ಅಂತ ಅವನು ನಡುನಡುವೆ ಕನ್ನಡ ನುಸುಳುವ ತನ್ನ ಅರೆಬರೆ ಗುಜರಾತಿಯಲ್ಲಿ ಬಂಕಿನವನ ಜೊತೆ ವಾದಕ್ಕೆ ನಿಂತಿದ್ದ. ಪಕ್ಕದಲ್ಲಿ ಅವನ ಫಿಯಟ್ ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

ತಿರುಗಿ ನೋಡಿದ. ಹೋಟೆಲ್ ವ್ಯಾನಿಗೆ ಒರಗಿ ಒಬ್ಬಳು ಹುಡುಗಿ! ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕೈಯಲ್ಲಿ ವ್ಯಾನಿನ ಕೀಲಿ ಇದೆ.

"ಅಲ್ಲಿ ನಿಂತುಕೊಂಡೇ ಹೇಗೆ ಹೇಳ್ತೀರಾ?" ಅವನಿಗೆ ಸಿಟ್ಟೇ ಬಂತು.

"ಕಿವಿ ಉಂಟಲ್ಲ! ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡ್ತಾ ಇಲ್ಲ. ಪೆಟ್ರೋಲ್ ಹಾಳಾಗಿದ್ರೆ ನಾಲ್ಕೂ ಒಟ್ಟಿಗೆ ತಕರಾರು ಮಾಡ್ತಿತ್ತು. ಮೊದಲು ಎಂಜಿನ್ ಆಫ್ ಮಾಡಿ. ಗಾಡಿ ಆಚೆ ಆ ಬೇವಿನ ಮರದಡಿಗೆ ತಳ್ಳಿ."

ಅವನು ಯಾಕೆ ತಳ್ಳಿದನೋ ಅವನಿಗೇ ಗೊತ್ತಿಲ್ಲ. ಕೆಲವರ ದನಿಯೇ ಹಾಗೆ, ಕೇಳಿದ ಮೇಲೆ ಕೈಕಾಲು ತಾವಾಗಿ ಆಡುತ್ತವೆ!

ಅವಳು ಜಯಂತಿ. ಫತೇಗಂಜ್‌ನಲ್ಲೇ ಉಡುಪಿ ಹೋಟೆಲ್ ನಡೆಸುವ ವಾಸುದೇವ ರಾಯರ ಮಗಳು. ಬೆಳಿಗ್ಗೆ ಬೆಳಿಗ್ಗೆ ಕೊಯಾಲಿಯ ರಿಫೈನರಿಗೆ ಇಡ್ಲಿ, ಉಪ್ಪಿಟ್ಟು ಮುಟ್ಟಿಸುವವಳು ಅವಳೇ. ವ್ಯಾನ್ ಓಡಿಸುವುದೂ ಅವಳೇ, ಕೆಟ್ಟರೆ ರಿಪೇರಿ ಮಾಡುವುದೂ ಅವಳೇ. ಈ ಒಂದು ವಿಷಯಕ್ಕೆ ಈಗಾಗಲೇ ಎರಡು ಸಂಬಂಧ ತಪ್ಪಿಹೋಗಿತ್ತು.

ಇವತ್ತು ಹನ್ನೊಂದಕ್ಕೆ ಮೂರನೆಯ ಗಂಡಿನ ಕಡೆಯವರು ಬರುವವರಿದ್ದರು. 'ವ್ಯಾನಿನ ಸುದ್ದಿ ಮಾತ್ರ ಎತ್ತಬೇಡ ಮಗಾ' ಎಂದು ಅಪ್ಪ ಕೈಮುಗಿದಿದ್ದರು. ಅಪ್ಪ ಕೈಮುಗಿದರೆ ಯಾವ ಮಗಳು ಇಲ್ಲ ಅನ್ನುತ್ತಾಳೆ? ಆದರೆ ಸಿಟ್ಟಿಗೆ ಗಂಡಿನ ಫೋಟೋ ಕೂಡ ನೋಡಿರಲಿಲ್ಲ.

"ಎಲ್ಲಿಂದ ಹೀಗೆ ಉಂಟು?" ಬಾನೆಟ್ ಎತ್ತುತ್ತಾ ಕೇಳಿದಳು.

"ಅಹಮದಾಬಾದಿಂದಲೇ. ನಡಿಯಾದ್‌ನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡಿದೆ. ಆನಂದ್‌ನಲ್ಲಿ ಇನ್ನೊಂದು ಸಲ. ನಾನು ಇಂಜಿನಿಯರ್ ಕಣ್ರೀ!"

"ಎಂತದರ ಇಂಜಿನಿಯರ್?"

"ರಾಕೆಟ್ಟು..."

ಜಯಂತಿ ತುಟಿ ಕಚ್ಚಿ ನಗು ತಡೆದುಕೊಂಡಳು. "ಸ್ಟಾರ್ಟ್ ಮಾಡಿ ರಾಕೆಟ್ ಸಾಹೇಬ್ರೇ."

ಎಂಜಿನ್ ನಡುಗುತ್ತಾ ಎದ್ದಿತು. ಅವಳು ಕೈಗೆ ದಪ್ಪ ಬಟ್ಟೆ ಸುತ್ತಿ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳಲ್ಲಿ ಒಂದನೆಯದರ ವೈರ್ ಕಿತ್ತಳು. ಎಂಜಿನ್ನಿನ ಓಟ ಇನ್ನಷ್ಟು ಕುಸಿಯಿತು. "ಇದು ಕೆಲಸ ಮಾಡ್ತಾ ಇತ್ತು, ಸರಿ ಉಂಟು." ವೈರ್ ತಿರುಗಿ ಹಾಕಿ ಎರಡನೆಯದು ಕಿತ್ತಳು. ಆಗಲೂ ಕುಸಿಯಿತು. ಮೂರನೆಯದು ಕಿತ್ತಾಗ ಎಂಜಿನ್ನಿಗೆ ಗೊತ್ತೇ ಆಗಲಿಲ್ಲ!

"ಸಿಕ್ಕಿತು! ಇದೇ ಕಳ್ಳ!"

ಅವಳ ಕಣ್ಣು ಹೊಳೆದ ರೀತಿಗೆ ಅನಂತರಾಮ ಎಂಜಿನ್ ನೋಡುವುದನ್ನೇ ಮರೆತ. 'ಅಯ್ಯೋ... ಇವಳ್ಯಾರಪ್ಪಾ!'

ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ತೆಗೆದರೆ ಅದರ ಬಿಳಿ ಪಿಂಗಾಣಿಯ ಮೇಲೆ ಸುಟ್ಟ ಕಪ್ಪು ಗೆರೆ. ಅಂಚಿನಲ್ಲಿ ಕೆಂಪು.

"ಇದೆಂತದು... ಕುಂಕುಮವಾ?!"

"ನಿನ್ನೆ ಆಯುಧಪೂಜೆ ಅಲ್ವಾ..." ಅವನ ದನಿ ಇಳಿಯಿತು. "ಹೋದ ತಿಂಗಳು ತಗೊಂಡ ಗಾಡಿ, ಮೊದಲನೇ ಪೂಜೆ. ಎಲ್ಲರೂ ಬಾನೆಟ್ಟಿಗೆ ಕುಂಕುಮ ಇಡ್ತಾರೆ. ಎಂಜಿನ್ನಿಗೆ ಜೀವ ಬರೋದು ಪ್ಲಗ್ಗಿನಿಂದ, ಅದಕ್ಕೇ ಇಡಬೇಕು ಅನ್ನಿಸ್ತು. ನೀರಲ್ಲಿ ಕಲಸಿದ್ರೆ ಉದುರುತ್ತೆ ಅಂತ ಎಣ್ಣೇಲಿ ಕಲಸಿದೆ."

ಜಯಂತಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಣ್ಣೆ ಸುಟ್ಟು ಮಸಿ ಆಗಿದೆ ಮಾರಾಯ್ರೆ! ಕಿಡಿ ಒಳಗೆ ಹಾರುವ ಬದಲು ಆ ಮಸಿ ಹಿಡಿದು ಹೊರಗಿಂದಲೇ ಓಡಿಹೋಗ್ತಾ ಉಂಟು!"

ಅವನೂ ನಕ್ಕ. ಬೇರೆ ಗಂಡಸಾಗಿದ್ದರೆ ಮುಖ ಕೆಂಪಾಗುತ್ತಿತ್ತು. ಇವನು ಬಾಗಿ, ಆ ಗೆರೆಯನ್ನೇ ನೋಡಿ, "ಎಷ್ಟು ಚೆನ್ನಾಗಿ ಕಂಡುಹಿಡಿದ್ರಿ!" ಅಂದ. ಜಯಂತಿಯ ಎದೆಯೊಳಗೆ ಏನೋ ಮೆತ್ತಗಾಯಿತು.

ಉಳಿದ ಮೂರು ಪ್ಲಗ್ಗಿನ ಕುಂಕುಮವನ್ನೂ ಒರೆಸಿ, ವ್ಯಾನಿನಿಂದ ತಂದ ಹೊಸದೊಂದನ್ನು ತಿರುಗಿಸುತ್ತಾ ಕೇಳಿದಳು. "ಹಬ್ಬದ ದಿನ ಎಲ್ಲಿಗೆ ಸವಾರಿ?"

"ಹೆಣ್ಣು ನೋಡೋಕೆ. ವಾಸುದೇವ ರಾಯರು ಅಂತ, ಇಲ್ಲೇ ಅವರ ಮನೆ."

ಅವಳ ಕೈ ನಿಂತಿತು.

"ಅಮ್ಮ ನಿನ್ನೆ ರೈಲಲ್ಲೇ ಬಂದಿದ್ದಾರೆ. ನಾನು ಮಾತ್ರ ಹುಡುಗಿ ಫೋಟೋ ಕೂಡ ನೋಡದೆ, ಆಗಲ್ಲ ಅಂತ ಹೇಳಿ ಹೋಗೋಕೆ ಬಂದೆ. ಹುಡುಗಿ ಮನೆಯ ಹೊಸ್ತಿಲು ದಾಟಿದವಳಲ್ಲ, ತಲೆ ಎತ್ತಿ ಮಾತಾಡಿದವಳಲ್ಲ ಅಂತ ರಾಯರು ಕಾಗದ ಬರೆದಿದ್ರು. ನನಗೆ ಪಕ್ಕದಲ್ಲಿ ನಿಂತು ತಪ್ಪು ತೋರಿಸೋರು ಬೇಕು ಕಣ್ರೀ..."

'ಹೇಳಿಬಿಡು ಜಯಂತಿ... ಅದು ನಾನೇ ಅಂತ ಹೇಳಿಬಿಡು!' ನಾಲಿಗೆ ತುದಿಗೆ ಬಂದ ಮಾತು ಅಪ್ಪನ ಕೈಮುಗಿದ ಮುಖ ನೆನಪಾಗಿ ಹಿಂದೆ ಹೋಯಿತು.

"ಸ್ಟಾರ್ಟ್ ಮಾಡಿ," ಎಂದಳು ಅಷ್ಟೇ. ಎಂಜಿನ್ ಒಂದೇ ಸಮನೆ ಓಡತೊಡಗಿತು. ಅವನು ಹೆಸರು ಕೇಳುವಷ್ಟರಲ್ಲಿ ವ್ಯಾನ್ ರಸ್ತೆ ತಿರುವಿನಲ್ಲಿತ್ತು.

ಹನ್ನೊಂದು ಗಂಟೆ. ರೇಷ್ಮೆ ಸೀರೆ ಉಟ್ಟು ಕಾಫಿ ತಟ್ಟೆ ಹಿಡಿದು ಬಂದವಳನ್ನು ನೋಡಿ ಅನಂತರಾಮ ಎದ್ದೇ ನಿಂತ. ಅವಳು ತಲೆ ತಗ್ಗಿಸಿದಳು.

"ಹಾಡು ಬರುತ್ತಂತಲ್ಲಮ್ಮಾ?" ಅವನ ತಾಯಿ ಕಾಮಾಕ್ಷಮ್ಮ ಅಕ್ಕರೆಯಿಂದ ಕೇಳಿದರು. "ಒಂದು ಹಾಡು."

ರಾಯರು ಮಗಳನ್ನೇ ನೋಡಿದರು. ಜಯಂತಿ ಲೆಕ್ಕ ಹಾಕಿದಳು. ತಾನು ಸುಮ್ಮನಿದ್ದರೆ ಇವನು ಆ ಕಾಗದದ ಹುಡುಗಿಯನ್ನು ಬೇಡ ಅಂದು ಹೋಗುತ್ತಾನೆ, ಅಥವಾ ಬೇಕು ಅಂದರೂ ತಾನು ಜನ್ಮವಿಡೀ ಆ ಹುಡುಗಿಯ ವೇಷ ಹಾಕಬೇಕು. ಎರಡೂ ಬೇಡ!

"ಹಾಡು ಬರುವುದಿಲ್ಲ ಅಮ್ಮಾ. ಕಾಗದದಲ್ಲಿ ಬರೆದದ್ದು ನಿಜ ಅಲ್ಲ. ನಾನು ಹೋಟೆಲ್ ವ್ಯಾನ್ ಓಡಿಸ್ತೇನೆ, ರಿಪೇರಿ ಮಾಡ್ತೇನೆ. ಮದುವೆ ಆದಮೇಲೂ ಬಿಡುವುದಿಲ್ಲ. ಅಪ್ಪಾ... ನೀವು ನನ್ನ ಒಳ್ಳೇದಕ್ಕೇ ಮಾಡಿದ್ದು, ಗೊತ್ತುಂಟು."



"ಬೆಳಿಗ್ಗೆಯೇ ನಿಮಗೆ ಗೊತ್ತಿತ್ತು," ಅನಂತರಾಮನ ದನಿ ಒಡೆದಿತ್ತು. "ನನ್ನ ಬಾಯಿಂದ ಎಲ್ಲ ಹೇಳಿಸಿ, ಸುಮ್ಮನೆ ಹೊರಟುಹೋದ್ರಿ!"

ಅವನು ಹೊರಗೆ ನಡೆದುಬಿಟ್ಟ. ಎಂಜಿನ್ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಒಂದೂ ತಪ್ಪಿಲ್ಲದೆ ಓಡುವ ಎಂಜಿನ್... ತಾನೇ ಸರಿಮಾಡಿ ಕೊಟ್ಟದ್ದು! ಜಯಂತಿ ಕಾಫಿ ತಟ್ಟೆ ಕೆಳಗಿಟ್ಟಳು.

ಆದರೆ ಸದ್ದು ದೂರ ಹೋಗಲಿಲ್ಲ.

"ನಮ್ಮ ಹುಡುಗ ಸಿಟ್ಟು ಮಾಡ್ಕೊಳ್ಳೋದೇ ಕಮ್ಮಿ," ಕಾಮಾಕ್ಷಮ್ಮ ಮೆಲ್ಲಗೆ ಹೇಳಿದರು. "ಮಾಡ್ಕೊಂಡಿದ್ದಾನೆ ಅಂದ್ರೆ ಮನಸ್ಸಿಗೆ ತಾಗಿದೆ. ಹೋಗಿ ಮಾತಾಡಮ್ಮಾ."

ಅವಳು ಓಡಿದಳು. ಅವನು ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ.

"ಹೊರಟೇಬಿಟ್ರಿ ಅಂದುಕೊಂಡೆ..."

"ಹೊರಡೋಣ ಅಂತಲೇ ಸ್ಟಾರ್ಟ್ ಮಾಡಿದೆ. ಆಗಲಿಲ್ಲ." ಅವನು ಎಂಜಿನ್ ಆರಿಸಿ ಕೆಳಗಿಳಿದ. "ಯಾಕೆ ಹೇಳಲಿಲ್ಲ?"

"ಅಪ್ಪನಿಗೆ ಮಾತು ಕೊಟ್ಟಿದ್ದೆ. ಮತ್ತೆ... ನೀವು ಬೇಡ ಅಂದದ್ದು ಆ ಸುಳ್ಳನ್ನು. ಅದನ್ನು ಕೇಳಿ ನನಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಆಮೇಲೆ ಅಷ್ಟೇ ಹೆದರಿಕೆ ಆಯ್ತು. ಈ ಮನುಷ್ಯನನ್ನು ಕಳ್ಕೊಂಡ್ರೆ ಅಂತ."

"ರಾಯರ ಮಗಳು ಬೇಡ ಅಂತ ಹೇಳೋಕೆ ಮೆಟ್ಟಿಲು ಹತ್ತುವಾಗಲೂ," ಅವನು ನಿಧಾನವಾಗಿ ಅಂದ, "ಆ ಬಂಕಿನ ಹುಡುಗಿಯನ್ನ ಎಲ್ಲಿ ಹುಡುಕೋದು ಅಂತಲೇ ಯೋಚನೆ ಮಾಡ್ತಿದ್ದೆ. ಜಯಂತಿ... ನನ್ನನ್ನ ಮದುವೆ ಆಗ್ತೀರಾ?"

ಅವಳು ಆಗಲಿ ಎಂದು ತಲೆಯಾಡಿಸಿದಳು. ಅವನು ಚಾಚಿದ ಕೈಗೆ ಕೈ ಕೊಡಲು ಹೋಗಿ, ಉಗುರಿನ ಸಂದಿಯ ಮಸಿ ಕಂಡು, ಸರಕ್ಕನೆ ಸೆರಗಿನಡಿ ಮುಚ್ಚಿಕೊಂಡಳು.

"ಸೋಪು ಹಾಕಿ ಉಜ್ಜಿ ಉಜ್ಜಿ ನೋಡಿದೆ... ಹೋಗಲೇ ಇಲ್ಲ."

ಅವನು ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ.

"ಹೋಗೋದೇ ಬೇಡ."