ಅಂಚು ಮಡಿಸಿದ ಚೀಲಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿದ್ಯುತ್ ಕಂಪನಿಯ ಇಂಜಿನಿಯರ್ ಠಾಣೆಗೆ ಬಂದು, ಇಡೀ ಬೀದಿಯೇ ಕಳುವಾಯಿತೇನೋ ಎಂಬ ಹಾಗೆ ದೂರು ಕೊಟ್ಟ. ಮೂಲೆ ಬೀದಿಯ ಅಷ್ಟೂ ಮನೆಗಳ ಸ್ಮಾರ್ಟ್ ಮೀಟರ್‌ಗಳು ಎರಡು ತಿಂಗಳಿಂದ ಮಾತು ಬಿಟ್ಟಿದ್ದವು. ಹೋಗಿ ನೋಡಿದರೆ ಗೇಟಿನ ಪಕ್ಕದ ಪ್ರತಿ ಮೀಟರ್ ಪೆಟ್ಟಿಗೆಗೂ ಯಾರೋ ಬೆಳ್ಳಿ ಬಣ್ಣದ ಬಟ್ಟೆಯ ಚೀಲ ತೊಡಿಸಿದ್ದರು.

“ಕರೆಂಟ್ ಕದ್ದಿದ್ದಾರಾ?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಮೀಟರ್ ಒಳಗೆ ಲೆಕ್ಕ ಸರಿಯಾಗೇ ಇದೆ. ಆ ಬಟ್ಟೆ ದಾಟಿ ಸಿಗ್ನಲ್ ಹೊರಗೆ ಬರಲ್ಲ, ಅಷ್ಟೇ.”

“ಮತ್ತೆ ನಷ್ಟ ಏನು?”

“ಅರ್ಧ ಗಂಟೆಗೊಂದ್ಸಲ ಎಷ್ಟು ಖರ್ಚಾಯ್ತು ಅಂತ ಗೊತ್ತಾದ್ರೆ ತಾನೇ ನಾಳೆಗೆ ಎಷ್ಟು ವಿದ್ಯುತ್ ಕೊಳ್ಳಬೇಕು, ಯಾವ ಹೊತ್ತಿಗೆ ಏನು ದರ ಇಡಬೇಕು ಅನ್ನೋದು? ದೇಶಕ್ಕೆಲ್ಲ ಈ ಮೀಟರ್ ಹಾಕ್ತಿದ್ದೀವಿ. ಈ ಬೀದಿ ನೋಡಿ ಇನ್ನೊಂದು ಬೀದಿ ಕಲಿತ್ರೆ ನಾವು ಕಣ್ಣು ಕಟ್ಟಿಕೊಂಡು ಸಂತೆಗೆ ಹೋದ ಹಾಗೆ.”

“ಯಾರ ಮೇಲಾದ್ರೂ ಅನುಮಾನ?”

“ಮೀಟರ್ ರೀಡರ್ ಮೇಲೆ. ಸಿಗ್ನಲ್ ಸಿಗದ ಬೀದಿಗೆ ಮಾತ್ರ ರೀಡರ್ ಇಟ್ಕೊಳ್ಳೋದು ನಮ್ಮ ನಿಯಮ. ಉಳಿದವರನ್ನೆಲ್ಲ ಮನೆಗೆ ಕಳಿಸಿ ಆಯ್ತು. ಈ ಬೀದಿಯಿಂದಾಗಿ ಅವನೊಬ್ಬ ಉಳ್ಕೊಂಡಿದ್ದಾನೆ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ಹೋಗಿ, ಇಬ್ಬರು ಪಂಚರ ಮುಂದೆ ಚೀಲಗಳನ್ನೆಲ್ಲ ಬಿಚ್ಚಿಸಿ ಪಂಚನಾಮೆ ಮಾಡಿದರು. ಬೀದಿಯ ಜನಕ್ಕೆ ಬೇಜಾರೋ ಬೇಜಾರು. “ಕಂಪನಿಯವರೇ ಧೂಳಿಗೆ ಅಂತ ಹಾಕ್ಸಿದ್ದು ಅಂದ್ಕೊಂಡಿದ್ವಿ,” ಎಂದಳು ಒಬ್ಬ ಗೃಹಿಣಿ. “ಎಷ್ಟು ಮುದ್ದಾಗಿ ಹೊಲಿದಿದ್ರು! ಪಾಪ, ಮೀಟರಣ್ಣನ್ನ ಮಾತ್ರ ಹಿಡೀಬೇಡಿ ಸಾರ್.”

ಮೀಟರಣ್ಣ ಎಂದರೆ ಆ ರೀಡರ್‌ಗೆ ಬೀದಿ ಇಟ್ಟ ಹೆಸರು. ಮಂಗಳವಾರ ಬೆಳಿಗ್ಗೆ ಆತ ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಐವತ್ತರ ಆಸುಪಾಸು, ಒಂಟಿ ಜೀವ, ದಪ್ಪ ಕನ್ನಡಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆಯೂ ಕಾಣಲಿಲ್ಲ.

“ಚೀಲ ಹಾಕಿದ್ದು ನೀನಾ?”

“ಅಲ್ಲ ಸಾರ್.”

“ಕಣ್ಣಿಗೆ ಬಿದ್ದಿತ್ತು ತಾನೇ?”

“ಬಿದ್ದಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಆ ಬೀದಿಗೆ ಹೋಗೋ ಕೆಲಸ ಹೋಗ್ತಿತ್ತು.” ಆತ ತಲೆ ಎತ್ತಲಿಲ್ಲ. “ಅದು ನನ್ನ ತಪ್ಪು ಸಾರ್.”

ಇನ್‌ಸ್ಪೆಕ್ಟರ್ ಮೇಜಿನ ಖಾನೆಯಿಂದ ಸೂಜಿದಾರ ತೆಗೆದು ಮುಂದಿಟ್ಟರು. “ಪೋಣಿಸು ನೋಡೋಣ.” ಆತ ದಾರವನ್ನು ನೆಕ್ಕಿದ, ಹೊಸೆದ, ಒಂದು ಕಣ್ಣು ಮುಚ್ಚಿದ. ಟೀ ಬಂದು ಆರಿಹೋದರೂ ದಾರ ಸೂಜಿಯ ಕಣ್ಣು ಸೇರಲಿಲ್ಲ.

“ಇದೆಲ್ಲ ಸಾಕ್ಷಿ ಆಗಲ್ಲ ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ. “ಲಾಭ ಇವನಿಗೇ ಆಗಿದೆ. ಕಂಪನಿಯವರು ಸಂಜೆಯೊಳಗೆ ಅರೆಸ್ಟ್ ಆಗಬೇಕು ಅಂತಿದ್ದಾರೆ.”

“ಗೊತ್ತು ಕಣಯ್ಯಾ. ಆದ್ರೆ ಇದನ್ನ ನೋಡು.” ಅವರು ಒಂದು ಚೀಲವನ್ನು ಒಳಮಗ್ಗುಲು ತಿರುಗಿಸಿದರು. ಅಂಚನ್ನು ಎರಡು ಸಲ ಒಳಗೆ ಮಡಿಸಿ, ಒಂದು ಎಳೆಯೂ ಹೊರಗೆ ಕಾಣದಂತೆ ಹೊಲಿಯಲಾಗಿತ್ತು. ಮೂಲೆಗಳಿಗೆ ಕೈಹೊಲಿಗೆ ಬೇರೆ. “ಕದ್ದು ಮಾಡೋ ಕೆಲಸಕ್ಕೆ ಯಾರಾದ್ರೂ ಅಂಚು ಮಡಿಸ್ತಾರಾ? ಅಂಚು ಮಡಿಸದೆ ಬಿಡೋಕೆ ಕೈ ಬಾರದವರು ಮಾಡಿದ್ದು ಇದು.”

ಊಟದ ಹೊತ್ತಿಗೆ ಅವರು ಮತ್ತೆ ಮೂಲೆ ಬೀದಿಗೆ ಹೋದರು. ಬೀದಿಗಿದ್ದ ಒಬ್ಬಳೇ ದರ್ಜಿ, ಎಲ್ಲರ ಬಾಯಲ್ಲಿ ಟೈಲರಕ್ಕ, ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಊಟದ ಬ್ಯಾಗ್ ಹೊಲಿಯುತ್ತಿದ್ದಳು. ಬಿಸಿ ಆರದಿರಲೆಂದು ಬ್ಯಾಗಿನೊಳಗೆ ಹಾಕುವ ಬೆಳ್ಳಿ ಬಣ್ಣದ ಬಟ್ಟೆ ಸುರುಳಿಯಾಗಿ ಮೂಲೆಯಲ್ಲಿ ನಿಂತಿತ್ತು. ಇನ್‌ಸ್ಪೆಕ್ಟರ್ ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಅವರ ಎದೆಯ ಮೇಲೆ ನಿಂತಿತು.

“ಸಾರ್, ಆ ಗುಂಡಿ ಇವತ್ತೋ ನಾಳೆಯೋ ಬೀಳುತ್ತೆ. ಒಂದ್ನಿಮಿಷ ನಿಲ್ಲಿ.”

ನಿಂತರು. ಅವಳು ನಾಲ್ಕು ಸಲ ಸೂಜಿ ಆಡಿಸಿ ಹಲ್ಲಿನಿಂದ ದಾರ ಕಡಿದಳು. ಅವರಿಗೆ ಯಾಕೋ ಪ್ರಶ್ನೆ ಕೇಳುವ ಮನಸ್ಸೇ ಹೋಯಿತು. ಆದರೂ ಖಾಕಿ ಖಾಕಿಯೇ.

“ಮೀಟರಣ್ಣ ಠಾಣೆಯಲ್ಲಿದ್ದಾನಮ್ಮ. ಸಂಜೆಗೆ ಕೇಸ್ ಹಾಕ್ತೀವಿ.”

ಸೂಜಿ ಅವಳ ಕೈಯಿಂದ ಜಾರಿತು. “ಅವರನ್ನಾ? ಅವರಿಗೆ ಏನೂ ಗೊತ್ತಿಲ್ಲ ಸಾರ್. ಚೀಲ ಹೊಲಿದಿದ್ದು ನಾನು. ಹಾಕಿದ್ದೂ ನಾನೇ.”

ಬೀದಿಗೆಲ್ಲ ಅಣ್ಣನಾದವನು ಇವಳ ಬಾಯಲ್ಲಿ ಮಾತ್ರ ‘ಅವರು’. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು, ಪಂಚನಾಮೆಯಲ್ಲಿ ಬರೆಸಲಿಲ್ಲ. ಬೆಳ್ಳಿ ಬಟ್ಟೆಯ ಸುರುಳಿಯನ್ನು ಮಾತ್ರ ಜಪ್ತಿ ಮಾಡಿಸಿದರು. ಮಹಿಳಾ ಕಾನ್‌ಸ್ಟೇಬಲ್ ಬಂದ ಮೇಲೆ, ಮೂರೂವರೆಗೆ, ಟೈಲರಕ್ಕನನ್ನು ಬಂಧಿಸಲಾಯಿತು. ಹೊರಡುವಾಗ ಅವಳು ಮರೆಯದೆ ಮೆಷಿನ್‌ಗೆ ಹೊದಿಕೆ ಹಾಕಿದಳು.

ಠಾಣೆಯಲ್ಲಿ ಹೇಳಿಕೆ ಕೊಟ್ಟಳು. “ಮೂರು ವರ್ಷದ ಹಿಂದೆ ಜ್ವರ ಬಂದು ಮಲಗಿಬಿಟ್ಟಿದ್ದೆ. ಮೆಷಿನ್ ನಿಂತಿದ್ದು ಅಕ್ಕಪಕ್ಕದವರಿಗೂ ಗೊತ್ತಾಗಲಿಲ್ಲ. ಅವರು ಮೀಟರ್ ಓದಿದ್ರು, ಯೂನಿಟ್ ಅರ್ಧಕ್ಕರ್ಧ ಇಳಿದಿದೆ, ಹುಷಾರಿಲ್ವಾ ಅಂತ ಬಾಗಿಲು ಬಡಿದ್ರು. ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ಆಮೇಲೆ ತಿಂಗಳು ತಿಂಗಳು ಮೀಟರ್ ಓದಿ ‘ಆರಾಮಾ?’ ಅಂತ ಕೇಳಿ ಹೋಗ್ತಿದ್ರು. ಈ ಹೊಸದು ಅರ್ಧ ಗಂಟೆಗೊಂದ್ಸಲ ಓದುತ್ತೆ ಸಾರ್, ಒಂದ್ಸಲನೂ ಕೇಳಲ್ಲ.”

ಬಂಧನದ ಸುದ್ದಿ ಕೇಳಿ ಬಂದು ಕೂತಿದ್ದ ಇಂಜಿನಿಯರ್ ತನ್ನ ಕನ್ನಡಕ ತೆಗೆದು ಒರೆಸಿಕೊಂಡ.

“ನಿಮ್ಮ ಮನೆಗೊಂದಕ್ಕೇ ಹಾಕಬಹುದಿತ್ತಲ್ಲ?” ಇನ್‌ಸ್ಪೆಕ್ಟರ್ ಕೇಳಿದರು.

“ಒಂದು ಮನೆಗೋಸ್ಕರ ಕಂಪನಿ ಆಳು ಇಟ್ಕೊಳ್ಳುತ್ತಾ ಸಾರ್?”

ಜಾಮೀನು ಸಿಗುವ ಅಪರಾಧ. ಯಾರಾದರೂ ಹೊಣೆ ನಿಲ್ಲಬೇಕಿತ್ತು. ಬೆಂಚಿನ ತುದಿಯಲ್ಲಿದ್ದವನು ಎದ್ದು ಬಂದ. ಕೆಲಸವಂತೂ ಹೋಗಿತ್ತು; ಆ ಸುದ್ದಿಯನ್ನು ಇಂಜಿನಿಯರ್ ಆಗಲೇ ತಿಳಿಸಿದ್ದ.

“ಇನ್ಮೇಲೆ ನಿಮ್ಮ ಬೀದಿಯಲ್ಲಿ ನನಗೆ ಕೆಲಸ ಇಲ್ಲ,” ಎಂದ ಅವಳಿಗೆ, ನೆಲ ನೋಡುತ್ತಾ.

“ಕೆಲಸ ಇದ್ರೇ ಬರಬೇಕು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?”

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದು ಗಂಟಲು ಸರಿ ಮಾಡಿಕೊಂಡ. “ಜಾಮೀನುದಾರರಿಗೆ ಆರೋಪಿ ಏನಾಗಬೇಕು? ಸಂಬಂಧ ಬರೀಬೇಕು ಸಾರ್.”

ಮೀಟರಣ್ಣನ ಕಿವಿಗಳು ಕೆಂಪಾದವು. ಟೈಲರಕ್ಕ ಸೆರಗಿನ ಅಂಚು ಮಡಿಸುತ್ತಾ ನಿಂತಳು, ಬಿಡಿಸಿದಳು, ಮತ್ತೆ ಮಡಿಸಿದಳು.

“ಸದ್ಯಕ್ಕೆ ಪರಿಚಯಸ್ಥರು ಅಂತ ಬರ್ಕೊ,” ಎಂದರು ಇನ್‌ಸ್ಪೆಕ್ಟರ್, ಅವಳು ಬಿಗಿದು ಹೊಲಿದ ಗುಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಾ. “ಪಕ್ಕದಲ್ಲಿ ಸ್ವಲ್ಪ ಜಾಗ ಬಿಡು.”