ಶ್ರೀಗೌರಿಯ ಸೌಂಡ್ ಡ್ರೈವರ್

"ಅಮ್ಮಾ, ಪಾಸ್‌ವರ್ಡ್ ಏನು ಇಡಬೇಕು ಅಂತ ಅವರನ್ನ ಸ್ವಲ್ಪ ಕೇಳ್ತೀರಾ?"

ರೂಪೇಶ್ ಇದನ್ನು ಕೇಳಿದ್ದು ಬಾಗಿಲಲ್ಲಿ ನಿಂತಿದ್ದ ಪುಷ್ಪಮ್ಮನವರನ್ನು. ಉತ್ತರ ಕೊಡಬೇಕಾದವಳು ಅವನ ಪಕ್ಕದಲ್ಲೇ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು.

"ಅವರು ಇಲ್ಲೇ ಇದಾರೆ," ಎಂದಳು ಅವಳು. "ಕಣ್ಣು ಕಾಣಲ್ಲ, ಅಷ್ಟೇ. ಕಿವಿ ಚೆನ್ನಾಗಿ ಕೇಳುತ್ತೆ. ಕಂಪ್ಯೂಟರ್ ಕೆಲಸವೂ ಅವರದ್ದೇ."

ರೂಪೇಶನ ಮುಖ ಬಿಸಿಯಾಯಿತು. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಎಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದ ಅವನಿಗೆ ಹಟಮಾರಿ ಯಂತ್ರಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ಅಷ್ಟು ಧೈರ್ಯ ಇರಲಿಲ್ಲ.

"ಸಾರಿ ಮೇಡಂ. ಏನು ಪಾಸ್‌ವರ್ಡ್ ಇಡ್ಲಿ?"

"ಅದನ್ನ ನಿಮಗ್ಯಾಕೆ ಹೇಳ್ಲಿ? ಸ್ವಲ್ಪ ಸರೀರಿ."

ಅವಳು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ತೋರುಬೆರಳುಗಳು ಒಂದು ಕ್ಷಣ ಕೀಗಳ ಮೇಲೆ ಹುಡುಕಿದವು, ಜಾಗ ಸಿಕ್ಕಿತು. ಆಮೇಲೆ ಹತ್ತೂ ಬೆರಳು ಎಷ್ಟು ಚುರುಕಾಗಿ ಓಡಿದವೆಂದರೆ, ಕದ್ದು ನೋಡಬೇಕೆಂದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವನು ಕದ್ದು ನೋಡಲಿಲ್ಲ. ಬೆರಳುಗಳನ್ನು ಮಾತ್ರ ನೋಡಿದ.

ಅವಳ ಹೆಸರು ಶ್ರೀಗೌರಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ತಾಯಿ ಪುಷ್ಪಮ್ಮನವರ ಜೊತೆ ಇದ್ದಳು. ಹುಟ್ಟಿನಿಂದ ದೃಷ್ಟಿ ಇರಲಿಲ್ಲ. ಹತ್ತಿರದ ವಾಚನಾಲಯದವರಿಗೆ ಒಂದು ಕಾಲೇಜಿನಿಂದ ಒಂದೇ ಮಾದರಿಯ ಹತ್ತು ಹಳೆಯ ಕಂಪ್ಯೂಟರ್‌ಗಳು ದಾನವಾಗಿ ಬಂದಿದ್ದವು. ಅಂಧ ವಿದ್ಯಾರ್ಥಿಗಳಿಗೆ ಅವುಗಳಲ್ಲಿ ಪಾಠ ಹೇಳುತ್ತೇನೆ ಎಂದು ಅವಳು ಮುಂದೆ ಬಂದಿದ್ದಳು. ಆದರೆ ಅವುಗಳಲ್ಲಿದ್ದ ಹಳೆಯ ಸಿಸ್ಟಂ, ಪರದೆಯ ಮೇಲಿರುವುದನ್ನು ಓದಿ ಹೇಳುವ ಹೊಸ ಸಾಫ್ಟ್‌ವೇರನ್ನು ಒಪ್ಪುತ್ತಿರಲಿಲ್ಲ. ಹಳೆಯದನ್ನು ಅಳಿಸದೆ, ಅದರ ಪಕ್ಕದಲ್ಲೇ ಎರಡನೆಯದಾಗಿ ಲಿನಕ್ಸ್ ಎಂಬ ಉಚಿತ ಸಿಸ್ಟಂ ಹಾಕಿದರೆ ಕನ್ನಡದಲ್ಲಿ ಓದುವ ದನಿಯೂ ಸಿಗುತ್ತದೆ ಎಂದು ಸಮಿತಿಯವರಿಗೆ ಹೇಳಿದವಳು ಅವಳೇ. "ಒಂದರಲ್ಲಿ ಮಾಡಿ ತೋರಿಸಮ್ಮ, ನೋಡೋಣ," ಎಂದು ಅವರು ಒಂದನ್ನು ಅವಳ ಮನೆಗೆ ಕಳಿಸಿದ್ದರು. ತೋರಿಸಬೇಕಾದ ಬುಧವಾರಕ್ಕೆ ಇನ್ನು ಹನ್ನೆರಡು ದಿನವಿತ್ತು.

ಸಂಜೆ ನಾಲ್ಕಕ್ಕೆ ಲಿನಕ್ಸ್ ಕೂತಿತು. ಪರದೆಯ ಮೇಲೆ ನೀಲಿ ಬಣ್ಣ, ಸಾಲಾಗಿ ಚಿತ್ರಗಳು.

"ಬಂತು ಮೇಡಂ. ನೀಟಾಗಿ ಬಂದಿದೆ."

ಅವಳು ಮೂರು ಕೀ ಒಟ್ಟಿಗೆ ಒತ್ತಿದಳು. ತಲೆಯನ್ನು ಸ್ಪೀಕರ್ ಕಡೆಗೆ ಸ್ವಲ್ಪ ವಾಲಿಸಿ ಕಾದಳು. ಮತ್ತೆ ಒತ್ತಿದಳು.

"ನಿಮಗೆ ಬಂದಿರಬಹುದು," ಎಂದಳು ನಿಧಾನವಾಗಿ. "ನನಗೆ ಇನ್ನೂ ಬಂದಿಲ್ಲ."

ಕಂಪ್ಯೂಟರ್ ಮೂಕವಾಗಿತ್ತು. ಒಳಗಿನ ಸೌಂಡ್ ಚಿಪ್ಪಿಗೂ ಹೊಸ ಸಿಸ್ಟಂಗೂ ಮಾತುಕತೆ ಮಾಡಿಸುವ ಡ್ರೈವರ್ ಸರಿಯಾಗಿ ಹೊಂದಿಕೊಂಡಿರಲಿಲ್ಲ. ವೈಫೈಗೂ ಡ್ರೈವರ್ ಬೇಕಿತ್ತು. ಇಡೀ ಲಿನಕ್ಸ್ ಅಲ್ಲೇ ಇದ್ದರೂ, ದನಿಯಿಲ್ಲದೆ ಅದು ಅವಳ ಪಾಲಿಗೆ ಇಲ್ಲದ ಹಾಗೆಯೇ.

"ಹೊರಗಿಂದ ಒಂದು ಚಿಕ್ಕ ಸೌಂಡ್ ಕಾರ್ಡ್ ಸಿಕ್ಕಿಸಿಬಿಡ್ಲಾ?"

"ಹತ್ತು ಮಕ್ಕಳು ತಡಕಾಡೋ ಜಾಗ ಅದು ಮಾರಾಯ್ರೆ. ಒಂದು ವಾರದಲ್ಲಿ ಹತ್ತೂ ಕಳೆದುಹೋಗಿರುತ್ತೆ. ಒಳಗಿಂದಲೇ ಮಾತಾಡಬೇಕು."

"ಹಾಗಾದ್ರೆ ಭಾನುವಾರ ಬರ್ತೀನಿ. ಅಲ್ಲೀತನಕ..."

"ಅಲ್ಲೀತನಕ ನಾನು ಓದಿರ್ತೀನಿ," ಎಂದು ಅವಳು ತನ್ನ ಫೋನ್ ಎತ್ತಿ ತೋರಿಸಿದಳು.

ಓದಿಯೂ ಇದ್ದಳು. ಭಾನುವಾರ ಅವನು ಬರುವಷ್ಟರಲ್ಲಿ ಫೋನ್ ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಇಪ್ಪತ್ತು ಕಮಾಂಡ್‌ಗಳನ್ನು ಬಾಯಿಪಾಠ ಮಾಡಿದ್ದಳು. ಅವಳು ಟೈಪ್ ಮಾಡುವುದು, ಪರದೆಯ ಮೇಲೆ ಬಂದದ್ದನ್ನು ಅವನು ಓದಿ ಹೇಳುವುದು. ಹಾಗೆಂದು ಒಪ್ಪಂದವಾಯಿತು.

"ಸ್ವಲ್ಪ ಬೇಗ ಓದಿ. ನನ್ನ ಫೋನ್ ನಿಮಗಿಂತ ನಾಲ್ಕು ಪಟ್ಟು ಸ್ಪೀಡ್."

"ನಿಮ್ಮ ಫೋನಿಗೆ ಉಸಿರು ತಗೊಳ್ಳೋ ಕೆಲಸ ಇಲ್ಲವಲ್ಲ ಮೇಡಂ."

ಅವಳ ತುಟಿಯ ಎಡತುದಿ ಮಾತ್ರ ಮೇಲಕ್ಕೆ ಹೋಯಿತು. ಪೂರ್ತಿ ನಗಲಿಲ್ಲ. ಆ ಉಳಿದರ್ಧ ನಗು ಹೇಗಿರಬಹುದೆಂದು ಬಸ್ಸಿನಲ್ಲಿ ವಾಪಸ್ ಹೋಗುವಾಗ ಭದ್ರಾವತಿಯವರೆಗೂ ಯೋಚಿಸಿದ ರೂಪೇಶ್.

ಮಂಗಳವಾರ ವೈಫೈ ಹಿಡಿಯಿತು. ಅವನು ಪೆನ್‌ಡ್ರೈವಿನಲ್ಲಿ ತಂದಿದ್ದ ಡ್ರೈವರ್ ಫೈಲನ್ನು ಎಲ್ಲಿ ಇಡಬೇಕೆಂದು ಹೇಳಿದ್ದು ಅವಳು. ಎಂಟು ವರ್ಷದಲ್ಲಿ ಅವನು ಎಷ್ಟೋ ಜನರ ಮನೆಗೆ ಹೋಗಿದ್ದ. ಕೆಟ್ಟುಹೋದ ಯಂತ್ರದ ಮುಂದೆ ಎಲ್ಲರೂ ಗೊಣಗುತ್ತಿದ್ದರು, ಇಲ್ಲವೇ ಅವನೊಬ್ಬನನ್ನೇ ಬಿಟ್ಟು ಎದ್ದು ಹೋಗುತ್ತಿದ್ದರು. ಇವಳು ಮಾತ್ರ ಯಂತ್ರ ಏನು ಹೇಳಲು ಕಷ್ಟಪಡುತ್ತಿದೆ ಎಂದು ಕೇಳುತ್ತ ಕೂರುತ್ತಿದ್ದಳು. ಒಂದು ದಾರಿ ಮುಚ್ಚಿದರೆ "ಸರಿ, ಇದಲ್ಲ ಅಂತ ಗೊತ್ತಾಯ್ತಲ್ಲ," ಎಂದು ಇನ್ನೊಂದು ಹಿಡಿಯುತ್ತಿದ್ದಳು. ಉದ್ದನೆಯ ಎರರ್ ಸಾಲನ್ನು ಒಮ್ಮೆ ಓದಿದರೆ ಸಾಕು, ಹತ್ತು ನಿಮಿಷದ ಮೇಲೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಇಂಥ ಶಿಸ್ತಿನ ತಲೆಯನ್ನು ರೂಪೇಶ್ ತನ್ನ ಕಸುಬಿನವರಲ್ಲೂ ಕಂಡಿರಲಿಲ್ಲ.

"ಓದೋದು ನಿಂತುಹೋಯ್ತು," ಎಂದಳು ಅವಳು ಒಮ್ಮೆ.

"ಸಾಲು ಹುಡುಕ್ತಿದ್ದೆ."

"ಸಾಲು ಎದುರಿಗೆ ಇರುತ್ತೆ. ನಿಮ್ಮ ದನಿ ನನ್ನ ಕಡೆಗೆ ಬರ್ತಿದೆ."

ಅವನು ಪರದೆಯ ಕಡೆ ತಿರುಗಿದ. ಅವಳ ಕೆನ್ನೆಯಲ್ಲಿ ಒಂದು ಸಣ್ಣ ಕುಳಿ ಬಿದ್ದು ಮಾಯವಾದದ್ದು, ತಿರುಗುವ ಮೊದಲೇ ಅವನಿಗೆ ಕಂಡಾಗಿತ್ತು.

ಅವಲಕ್ಕಿ ತಟ್ಟೆ ತಂದಿಟ್ಟ ಪುಷ್ಪಮ್ಮ, "ಇಷ್ಟು ದಿನ ಆಯ್ತು, ಆ ಡ್ರೈವರ್ ಇನ್ನೂ ಸಿಗಲಿಲ್ವೇನಪ್ಪ?" ಎಂದು ಕೇಳಿದರು.

"ಸಿಗ್ತಾನೆ ಅಮ್ಮ," ಎಂದಳು ಮಗಳು. "ಸ್ವಲ್ಪ ನಾಚಿಕೆ ಸ್ವಭಾವದವನು."

ರೂಪೇಶನಿಗೆ ಅವಲಕ್ಕಿ ನೆತ್ತಿಗೇರಿತು.

ಗುರುವಾರವೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಅವನು ತನ್ನ ಅಂಗಡಿಯ ಹಳೆಯ ಸಾಮಾನಿನಲ್ಲಿ ಹುಡುಕಿದ. ಅದೇ ಮಾದರಿಯ ಒಂದು ಮದರ್‌ಬೋರ್ಡ್ ಸಿಕ್ಕಿತು. ಅದಕ್ಕೆ ಲಿನಕ್ಸ್ ಹಾಕಿ, ಸೌಂಡ್ ಡ್ರೈವರಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಬದಲಿಸುತ್ತ ಹೋದ. ಹದಿನೇಳನೆಯ ಸಲ ಒಂದೇ ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದ. ಸ್ಪೀಕರಿನಿಂದ ಒಂದು ಚಪ್ಪಟೆ ದನಿ ಕನ್ನಡದಲ್ಲಿ ಮಾತಾಡಿತು.

ತಕ್ಷಣ ಫೋನ್ ಕೈಗೆತ್ತಿಕೊಂಡ. ಶ್ರೀಗೌರಿಯ ಹೆಸರಿನ ಮೇಲೆ ಬೆರಳು ನಿಂತಿತು.

ಈ ಸಾಲನ್ನು ಹೇಳಿಬಿಟ್ಟರೆ ಮುಗಿಯಿತು. ಅವಳಿಗೆ ಓದಿ ಹೇಳಲು ಇನ್ನು ಅವನು ಬೇಕಾಗಿಲ್ಲ. ದುರ್ಗಿಗುಡಿಯ ಆ ಮನೆಗೆ ಹೋಗಲು ಬೇರೆ ಯಾವ ನೆಪ ಇದೆ? ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. ಇನ್ನೊಂದು ದಿನ, ಎಂದುಕೊಂಡ.

ಶನಿವಾರ ಹೋಗಿ, ಆಗುವುದಿಲ್ಲ ಎಂದು ಗೊತ್ತಿದ್ದ ನಾಲ್ಕು ದಾರಿಗಳನ್ನು ಅವಳ ಜೊತೆ ಕೂತು ಪ್ರಯತ್ನಿಸಿದ. ಅವಳು ಟೈಪ್ ಮಾಡಿದಳು, ಅವನು ಓದಿದ. ಮಾತು, ನಗು ಎಲ್ಲ ಇತ್ತು. ವಾಪಸ್ ಬರುವಾಗ ಮಾತ್ರ ಬಸ್ಸಿನಲ್ಲಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಭಾನುವಾರ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಶುರುಮಾಡಿದ.

ಮೂರನೆಯ ರೀಸ್ಟಾರ್ಟ್ ಆದಮೇಲೂ ದನಿ ಬರಲಿಲ್ಲ. ಶ್ರೀಗೌರಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆ ಬೆರಳುಗಳು ಸುಮ್ಮನಿದ್ದದ್ದನ್ನು ಅವನು ನೋಡಿದ್ದು ಅದೇ ಮೊದಲು.

"ರೂಪೇಶ್, ಸಮಿತಿಯವರಿಗೆ ಫೋನ್ ಮಾಡಿ ಆಗಲ್ಲ ಅಂದುಬಿಡ್ತೀನಿ," ಎಂದಳು. "ಇನ್ನು ಮೂರು ದಿನದಲ್ಲಿ ದನಿ ಬಂದರೂ ನನಗೆ ಅಭ್ಯಾಸ ಮಾಡೋಕೆ ಟೈಮ್ ಇಲ್ಲ. ಹುಡುಗಿಗೆ ಆಸೆ ಜಾಸ್ತಿ ಅಂತಾರೆ, ಅಂದ್ಕೊಳ್ಲಿ."

ರೂಪೇಶ್ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು, ಒಂದು ಫೈಲ್ ತೆರೆದು, ಒಂದು ಸಾಲು ಬರೆದು ರೀಸ್ಟಾರ್ಟ್ ಮಾಡಿದ. ಎರಡು ನಿಮಿಷ ಫ್ಯಾನಿನ ಸದ್ದೊಂದೇ ಇತ್ತು.

"ಈಗ ಒತ್ತಿ ನೋಡಿ."

ಅವಳು ಒತ್ತಿದಳು. "ಸ್ಕ್ರೀನ್ ರೀಡರ್ ಆನ್ ಆಗಿದೆ," ಎಂದಿತು ಕಂಪ್ಯೂಟರ್.

ಅವಳ ಮುಖ ಅರಳಿದ್ದನ್ನು ಅವನು ಕಣ್ತುಂಬ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬು ಮೇಲೇರಿತ್ತು. ಬಾಣದ ಕೀ ಒತ್ತುತ್ತ ಒಂದೊಂದೇ ಮೆನು ಇಳಿದಳು. ಫೈಲುಗಳು, ಸೆಟ್ಟಿಂಗುಗಳು, ಬರಹ. ಪ್ರತಿಯೊಂದನ್ನೂ ಯಂತ್ರ ಹೆಸರು ಹಿಡಿದು ಹೇಳಿತು. ಅಮ್ಮನನ್ನು ಕೂಗಿ ಕರೆದಳು, ಪುಷ್ಪಮ್ಮ ಬಂದು ಮಗಳ ತಲೆ ಸವರಿ ಕಾಫಿ ಮಾಡಲು ಒಳಗೆ ಹೋದರು. ಆಗ ಅವಳ ಬೆರಳು ನಿಂತಿತು.

"ಈ ಸಾಲು ನೀವು ಹುಡುಕಲಿಲ್ಲ. ನೇರವಾಗಿ ಬರೆದಿರಿ. ಯಾವಾಗ ಸಿಕ್ತು?"

ಸುಳ್ಳು ಹೇಳಬಹುದಿತ್ತು. "ಶುಕ್ರವಾರ," ಎಂದ.

"ನಿನ್ನೆ ಗೊತ್ತಿತ್ತು?"

"ಗೊತ್ತಿತ್ತು. ದನಿ ಬಂದರೆ ನಾನು ಇಲ್ಲಿಗೆ ಬರೋದು ನಿಂತುಹೋಗುತ್ತೆ ಅನ್ನಿಸ್ತು. ನಿಮ್ಮ ಪಕ್ಕ ಕೂತ್ಕೊಳ್ಳೋದು ನನಗೆ ತುಂಬ ಇಷ್ಟ ಆಗಿಬಿಟ್ಟಿದೆ, ಗೌರಿ. ನೀವು ಇಷ್ಟ ಆಗಿದೀರಿ. ಆದರೆ ನಾನು ಮಾಡಿದ್ದು ತಪ್ಪು."

ಅವಳು ಕೀಬೋರ್ಡನ್ನು ಆಚೆಗೆ ಸರಿಸಿದಳು. ಆಮೇಲೆ ಮಾತಾಡಿದಾಗ ದನಿ ಏರಲಿಲ್ಲ.

"ಸ್ಕ್ರೀನ್ ಮೇಲೆ ಏನಿದೆ ಅಂತ ನೀವು ಹೇಳಿದ್ದನ್ನ ಸರಿಯೋ ತಪ್ಪೋ ಅಂತ ನೋಡೋಕೆ ನನಗೆ ದಾರಿ ಇರಲಿಲ್ಲ. ನಂಬೋದೊಂದೇ ದಾರಿ. ಇಷ್ಟ ಆಗಿದೀನಿ ಅಂತ ನನ್ನ ಎರಡು ದಿನ ಇಟ್ಕೊಂಡ್ರಾ? ನೀವು ಹೊರಡಿ."

ಪುಷ್ಪಮ್ಮ ಕಾಫಿ ತರುವಷ್ಟರಲ್ಲಿ ಅವನು ಚಪ್ಪಲಿ ಹಾಕಿಕೊಂಡಿದ್ದ.

ಕ್ಷಮೆ ಕೇಳಿ ಮೆಸೇಜ್ ಬರೆಯಲು ಕೂತ, ಬರೆದದ್ದನ್ನೆಲ್ಲ ಅಳಿಸಿದ. ಆ ಮಾತುಗಳಿಂದ ಅವಳಿಗೆ ಏನು ಉಪಯೋಗ? ಸೋಮವಾರ ಅಂಗಡಿ ತೆರೆಯಲಿಲ್ಲ. ಮದರ್‌ಬೋರ್ಡಿನ ಮುಂದೆ ಕೂತು, ಲಿನಕ್ಸ್ ಹಾಕುವ ಮೊದಲ ಹೆಜ್ಜೆಯಿಂದ ಸೌಂಡ್ ಡ್ರೈವರಿನ ಆ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದ. ಪರದೆ ನೋಡುವವರು ಯಾರೂ ಪಕ್ಕದಲ್ಲಿಲ್ಲದೆ, ಮೊದಲೇ ದನಿ ಬರುವಂತೆ ಹೇಗೆ ಮಾಡಬೇಕೆಂದು ಹುಡುಕಿ, ಆ ಸಾಲು ಸೇರಿಸಿದ ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿದ. ತಾನೇ ಮಾನಿಟರ್ ಆಫ್ ಮಾಡಿಟ್ಟು, ಬರೀ ಕಿವಿಯಿಂದ, ಮೊದಲಿಂದ ಕೊನೆಯವರೆಗೆ ಮಾಡಿ ನೋಡಿದ. ಆರು ಸಲ ದಾರಿ ತಪ್ಪಿದ. ಅವಳು ದಿನವೂ ಸುಲಭವಾಗಿ ಮಾಡುವ ಕೆಲಸ ಎಷ್ಟು ದೊಡ್ಡದೆಂದು ಆಗ ಅವನಿಗೆ ಬೆವರಿನ ಲೆಕ್ಕದಲ್ಲಿ ತಿಳಿಯಿತು. ಮಂಗಳವಾರ ಪೆನ್‌ಡ್ರೈವನ್ನು ಪುಷ್ಪಮ್ಮನವರ ಕೈಗೆ ಕೊಟ್ಟು ಬಾಗಿಲಿನಿಂದಲೇ ಹಿಂದಿರುಗಿದ. ಫೈಲ್ ಶ್ರೀಗೌರಿಯ ಫೋನಿಗೆ ಹೋಯಿತು, ಅದರ ಕೆಳಗೆ ಒಂದೇ ಮಾತು: 'ಇದರಲ್ಲಿ ಉಳಿದ ಒಂಬತ್ತನ್ನೂ ನೀವೇ ಮಾಡಬಹುದು.'

ಉತ್ತರ ಬರಲಿಲ್ಲ. ಬುಧವಾರ ಕಳೆಯಿತು. ಒಂದು ವಾರ ಹೋಯಿತು, ಇನ್ನೊಂದು ಬಂತು.

ಮೂರನೆಯ ವಾರದ ಶನಿವಾರ ಹನ್ನೊಂದು ಗಂಟೆ ಹೊತ್ತಿಗೆ ಅವನು ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿ ಕೂತಿದ್ದ. ಅಂಗಡಿಯ ಮೆಟ್ಟಿಲಿಗೆ ಕೋಲು ತಾಗಿದ ಸದ್ದಾಯಿತು. ತಲೆ ಎತ್ತಿದರೆ ಶ್ರೀಗೌರಿ. ಹಸಿರು ಚೂಡಿದಾರ್, ಹೆಗಲಿಗೆ ಚೀಲ, ಮೂಗಿನ ಮೇಲೆ ಬೆವರು. ಜೊತೆಗೆ ಯಾರೂ ಇರಲಿಲ್ಲ.

"ರೂಪೇಶ್ ಅವರ ಅಂಗಡಿ ಇದೇನಾ?"

"ಹೌದು. ಒಬ್ಬರೇ ಬಂದ್ರಾ?"

"ಬಸ್ಸಲ್ಲಿ ಐವತ್ತು ಜನ ಇದ್ರು." ಅವನು ಸರಿಸಿದ ಸ್ಟೂಲನ್ನು ಕೈಯಿಂದ ನೋಡಿಕೊಂಡು ಕೂತಳು. "ಹತ್ತೂ ರೆಡಿ ಆಯ್ತು. ಅವತ್ತು ಬುಧವಾರ ಸಮಿತಿಯವರ ಮುಂದೆ ಎರಡು ಕಡೆ ತಡವರಿಸಿದೆ. ಆದರೂ ಒಪ್ಪಿದ್ರು. ಉಳಿದ ಒಂಬತ್ತು ನಾನೇ ಮಾಡ್ದೆ. ಮೊನ್ನೆಯಿಂದ ಕ್ಲಾಸ್ ಶುರು."

"ತುಂಬ ಖುಷಿ ಆಯ್ತು ಮೇಡಂ."

"ನಿಮ್ಮ ಫೈಲಿನಲ್ಲಿ ಹನ್ನೊಂದನೇ ಹೆಜ್ಜೆ ತಪ್ಪಿದೆ. ಒಂದು ಸ್ಪೇಸ್ ಬಿಟ್ಟುಹೋಗಿದೆ. ಅರ್ಧ ದಿನ ತಲೆ ಕೆಟ್ಟುಹೋಯ್ತು."

"ಬೇಕಂತ ಬಿಟ್ಟಿದ್ದಲ್ಲ."

"ಗೊತ್ತು. ಅದು ಬಿಟ್ಟರೆ ಎಲ್ಲ ಸರಿ ಇತ್ತು. ಮಾನಿಟರ್ ಆಫ್ ಮಾಡಿ ಮಾಡಿದೀರಿ ಅಲ್ವಾ? ಕಣ್ಣಿರೋರು ಹಾಗೆ ಬರೆಯಲ್ಲ. 'ಮೇಲೆ ಬಲಗಡೆ ಕ್ಲಿಕ್ ಮಾಡಿ' ಅಂತ ಒಂದು ಕಡೆನೂ ಇರಲಿಲ್ಲ."

ಅವನು ಹೌದೆಂದ. ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಏನಾದ್ರೂ ರಿಪೇರಿ ಇತ್ತಾ?" ಎಂದು ಕೇಳಿದ ರೂಪೇಶ್.

"ಇಲ್ಲ. ಯಾವುದೂ ಕೆಟ್ಟಿಲ್ಲ. ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ ನನಗೆ." ಸ್ವಲ್ಪ ತಡೆದಳು. "ಏನೂ ಕೆಲಸ ಇಲ್ಲದೇ ಬಂದಿದೀನಿ. ಹಾಗೆ ಬರಬಹುದು ಅಂತ ನಿಮಗೆ ಅವತ್ತು ಹೊಳೀಲಿಲ್ವಾ ಮಾರಾಯ್ರೆ? ದನಿ ಬಂದಮೇಲೂ ಬರ್ತೀನಿ ಗೌರಿ ಅಂತ ಒಂದು ಮಾತು ಕೇಳಿದ್ರೆ, ನಾನು ಬೇಡ ಅಂತಿದ್ನಾ?"

ರೂಪೇಶನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ಉಳಿಯಿತು. "ನನಗೆ ಧೈರ್ಯ ಇರಲಿಲ್ಲ."

"ಈಗ?"

"ಈಗ ಕೇಳ್ತೀನಿ. ಬರಲಾ?"

"ನನಗಿನ್ನೂ ಪೂರ್ತಿ ಸಿಟ್ಟು ಇಳಿದಿಲ್ಲ."

"ಇಳಿಯೋತನಕ ಬರ್ತೀನಿ. ಇಳಿದ ಮೇಲೂ ಬರ್ತೀನಿ."

ಈ ಸಲ ಅವಳು ಪೂರ್ತಿ ನಕ್ಕಳು, ಹಲ್ಲು ಕಾಣುವಂತೆ, ಸದ್ದು ಮಾಡಿ. ಹೊರಗಿನ ಬಿಸಿಲಿಗೆ ಇನ್ನಷ್ಟು ಬೆಳಕು ಬಂದಂತಾಯಿತು ಅವನಿಗೆ.

"ಭಾನುವಾರ ಅಮ್ಮ ನಿಮ್ಮನ್ನ ಊಟಕ್ಕೆ ಕರೀತಾರೆ," ಎಂದು ಎದ್ದು ನಿಂತಳು. "ಅವರಿಗೆ ಇನ್ನೂ ಗೊತ್ತಿಲ್ಲ. ಹೋಗಿ ಹೇಳ್ತೀನಿ. ಈಗ ಎಲ್ಲಾದ್ರೂ ಒಳ್ಳೆ ಕಾಫಿ ಕುಡಿಸಿ."

ಅವನು ಷಟರ್ ಅರ್ಧ ಎಳೆದು ಅವಳ ಪಕ್ಕಕ್ಕೆ ಬಂದ. ಕೈ ಹಿಡಿಯಬೇಕೋ ಬೇಡವೋ ತಿಳಿಯದೆ ನಿಂತ. ಅವಳು ಕೋಲನ್ನು ಮಡಚಿ ಚೀಲಕ್ಕೆ ಹಾಕಿದಳು. ಗಾಳಿಯಲ್ಲಿ ಕೈ ಚಾಚಿ, ಅವನ ಮೊಣಕೈ ಹುಡುಕಿ ಹಿಡಿದುಕೊಂಡಳು.

"ನಡೀರಿ," ಎಂದಳು. ಇಬ್ಬರೂ ನ್ಯೂ ಟೌನಿನ ಅಗಲ ರಸ್ತೆಗೆ ಇಳಿದರು.